ಹೆಬ್ಬೆರಳಿಗೆ ಕಟ್ಟಿದ ಬಟ್ಟೆ

ಬೈರಕೂರು
8-11-1944, ಬುಧವಾರ

ಶ್ರೀನಿವಾಸಪುರದ ಪೇಟೆಬೀದಿಯಲ್ಲಿ ಜಗಲಿ ಮೇಲೆ ಕೂತು ಊರಿನವರ ನರ ಒತ್ತುವ ಗಂಗುಲಪ್ಪನವರಿಗೆ, ಅವರ ಮೊದಲ ಹೆಂಡತಿ ರಾಮಲಕ್ಷ್ಮಮ್ಮ ಮಾಡುವ ನಮಸ್ಕಾರ.

ನಿಮ್ಮ ಹೆಸರನ್ನು ನಾನು ಬರೆದದ್ದು ಇದೇ ಮೊದಲು. ಬಾಯಲ್ಲಿ ಹೇಳಿದ್ದಂತೂ ಇಲ್ಲವೇ ಇಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತೆ ಅಂತ ನಿಮ್ಮ ಅಮ್ಮ ಹೆದರಿಸಿದ್ದರು. ಈಗ ಬರೆದು ನೋಡಿದೆ. ನಿಮಗೇನೂ ಆಗಿರಲಾರದು. ನಾನು ಕ್ಷೇಮವಾಗಿದ್ದೇನೆ. ನೀವು ಕ್ಷೇಮವಾಗಿಲ್ಲ ಅಂತ ನಿಮ್ಮ ಕಾಗದವೇ ಹೇಳಿರುವುದರಿಂದ ಅದನ್ನು ವಿಚಾರಿಸುವ ಶಾಸ್ತ್ರ ಬಿಟ್ಟಿದ್ದೇನೆ.

ಆ ಕಾಗದ ಹೋದ ವಾರದ ಟಪಾಲಿನಲ್ಲಿ ಬಂತು. ನಿಮಗೆ ರುಜು ಹಾಕುವುದು ಬಿಟ್ಟರೆ ಅಕ್ಷರ ಬಾರದು. ಮೊದಲು ನಿಮ್ಮ ಕಾಗದಗಳನ್ನು ನಾನೇ ಬರೆಯುತ್ತಿದ್ದೆ, ಬಂದವನ್ನು ನಾನೇ ಓದಿ ಹೇಳುತ್ತಿದ್ದೆ. ಈಗ ಆ ಕೆಲಸವನ್ನು ನೀವು ಆಮೇಲೆ ಮದುವೆ ಮಾಡಿಕೊಂಡ ಭಾರತಮ್ಮ ಮಾಡುತ್ತಾಳೆ ಅಂತ ಕಾಣುತ್ತೆ. ಅಕ್ಷರ ಮುದ್ದಾಗಿದೆ. ಕೊನೆಕೊನೆಗೆ ಮಾತ್ರ ಸಾಲುಗಳು ಓರೆಯಾಗಿ, ಒಂದರ ಮೇಲೊಂದು ಹತ್ತಿ ಕೂತಿವೆ. ಇದನ್ನೂ ಅವಳೇ ಓದುತ್ತಿರುತ್ತಾಳೆ. ಅದಕ್ಕೇ ಯುದ್ಧದ ದೆಸೆಯಿಂದ ಕಾಗದಕ್ಕೆ ಇಷ್ಟು ತತ್ವಾರವಿದ್ದರೂ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಅವಳು ಗೋಡೆಗೆ ಒರಗಿ, ಕಾಲು ನೀಡಿಕೊಂಡು ಕೂತು ಓದಲಿ. ನಿಲ್ಲಿಸಿಕೊಂಡು ಓದಿಸಬೇಡಿ.

ನೀವು ಬರೆಸಿದ್ದನ್ನು ಮತ್ತೆ ಮತ್ತೆ ಓದಿದೆ. ನಿಮ್ಮ ಬಲಗೈ ಹೆಬ್ಬೆರಳಿನ ಗೆಣ್ಣು ಊದಿಕೊಂಡು, ಕೆಂಪಾಗಿ, ಮಡಿಸಲಾಗುತ್ತಿಲ್ಲ. ಎಡಗಡೆ ತಲೆನೋವು ಬಂದರೆ ಎರಡು ದಿನ ಬಿಡುವುದಿಲ್ಲ. ನಿಮ್ಮ ಅಮ್ಮ ಆಂಜಿನಮ್ಮನವರು ಯುಗಾದಿ ಕಳೆದ ಮೇಲೆ ತೀರಿಕೊಂಡಿದ್ದರಿಂದ ಮನೆಯಲ್ಲಿ ಹೆಂಗಸರಿಗೆ ಒತ್ತುವವರು ಯಾರೂ ಇಲ್ಲ. ಜಗಲಿಗೆ ಬಂದವರು ವಾಪಸು ಹೋಗುತ್ತಿದ್ದಾರೆ. ಭಾರತಮ್ಮನಿಗೆ ಏಳು ತಿಂಗಳು, ಕಾಲು ಊದಿದೆ, ತಲೆನೋವು ಅಂತಾಳೆ, ಯಾವಾಗಲೂ ಮಲಗಿರುತ್ತಾಳೆ. ಆದ್ದರಿಂದ ನಾನು ಬಂದುಬಿಡಬೇಕು. ನಿಮಗೆ ಒತ್ತಬೇಕು, ಬಂದ ಹೆಂಗಸರಿಗೆ ಒತ್ತಬೇಕು, ಭಾರತಮ್ಮನ ಕಾಲೂ ಒತ್ತಬೇಕು. ಆಗಿದ್ದು ಆಗಿಹೋಯಿತು, ನಾನು ದೊಡ್ಡ ಮನಸ್ಸು ಮಾಡಬೇಕು.

ನಿಮ್ಮ ಮನೆಯ ಕಟ್ಟಳೆ ನನಗೆ ಮರೆತಿಲ್ಲ. ನರ ಒತ್ತುವ ಕೈ ತನ್ನ ಮೈಯನ್ನು ತಾನು ಒತ್ತಿಕೊಳ್ಳಬಾರದು, ಒತ್ತಿಕೊಂಡರೆ ಕೈಗುಣ ಹೋಗುತ್ತೆ. ಮನೆಯವರ ಮೈ ಅಂದರೂ ತನ್ನ ಮೈಯೇ, ಅವರಿಗೂ ಒತ್ತಬಾರದು. ಹಾಗಾದರೆ ಭಾರತಮ್ಮನಿಗೆ ನಾನು ಹೇಗೆ ಒತ್ತಲಿ ಅಂತ ನಾನು ಕೇಳುವ ಮೊದಲೇ ನೀವು ಉತ್ತರ ಬರೆಸಿದ್ದೀರಿ. ನಾನು ಮನೆ ಬಿಟ್ಟು ಆರು ವರ್ಷವಾಯಿತು, ಈಗ ನಾನು ಮನೆಯವಳಲ್ಲ, ಆದ್ದರಿಂದ ನನ್ನ ಕೈ ನಡೆಯುತ್ತೆ. ಆ ಸಾಲು ಓದಿದಾಗ ನಗು ಬಂತು. ಹೆಂಡತಿ ಅಂತ ಕರೆಯುವುದು, ಮನೆಯವಳಲ್ಲ ಅಂತ ಕೆಲಸಕ್ಕೆ ಹಚ್ಚುವುದು. ಆ ಸಾಲನ್ನು ಬರೆಯುವಾಗ ಪಾಪ ಆ ಹುಡುಗಿಗೆ ಏನನ್ನಿಸಿತೋ.

ಮೊದಲು ನಿಮ್ಮ ತಲೆನೋವು. ನಾನು ಇಷ್ಟು ದೂರ ಬಂದು ಒತ್ತಬೇಕಾದ್ದೇನೂ ಇಲ್ಲ. ನಿಮ್ಮ ಎಡಗೈ ಚೆನ್ನಾಗಿದೆ ಅಲ್ಲವೇ? ನೀವೇ ಒತ್ತಿಕೊಳ್ಳಿ. ಹೇಗೆ ಅಂತ ಹೇಳುತ್ತೇನೆ. ಊರಿಗೆಲ್ಲ ಒತ್ತಿದವರಿಗೆ ಇದನ್ನು ಹೇಳಿಕೊಡಬೇಕಾಗಿ ಬಂತಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಇನ್ನೊಬ್ಬರ ಮೈ ಒತ್ತುವುದು ಬೇರೆ, ತನ್ನ ಮೈ ಒತ್ತಿಕೊಳ್ಳುವುದು ಬೇರೆ. ಎರಡನೆಯದನ್ನು ನೀವು ಒಂದು ದಿನವೂ ಮಾಡಿಲ್ಲ.

ಉಂಡ ತಕ್ಷಣ ಕೂರಬೇಡಿ, ಬರೀ ಹೊಟ್ಟೆಯಲ್ಲೂ ಬೇಡ. ಉಗುರು ಕತ್ತರಿಸಿ, ಬಿಸಿನೀರಿನಲ್ಲಿ ಕೈ ತೊಳೆದು, ಬೆನ್ನಿಗೆ ಗೋಡೆ ಸಿಗುವ ಹಾಗೆ ಕೂತುಕೊಳ್ಳಿ. ನಿಂತುಕೊಂಡು ಒತ್ತಿಕೊಂಡರೆ ಕೆಲವರಿಗೆ ತಲೆ ತಿರುಗುತ್ತೆ. ಉಗುರಿನ ತುದಿಯಿಂದ ಚುಚ್ಚಬಾರದು, ಬೆರಳಿನ ಮೆತ್ತೆಯನ್ನು ಇಟ್ಟು ನಿಧಾನವಾಗಿ ಭಾರ ಬಿಡಬೇಕು. ಕತ್ತಿನ ಹಿಂದೆ, ತಲೆಬುರುಡೆ ಮುಗಿಯುವ ಕಡೆ ಎರಡು ಪಕ್ಕಕ್ಕೂ ಒಂದೊಂದು ತಗ್ಗಿದೆ. ಎಡಗೈಯಿಂದಲೇ ಒಂದೊಂದಾಗಿ ಅಲ್ಲಿ ಒತ್ತಿ, ಕೆಲವು ಸಲ ಉಸಿರು ಎಳೆದು ಬಿಡಿ, ಆಮೇಲೆ ಇಟ್ಟಷ್ಟೇ ನಿಧಾನವಾಗಿ ಕೈ ತೆಗೆಯಿರಿ. ಹಿತವಾದ ನೋವು ಅಂತ ಒಂದಿದೆ, ಅಲ್ಲಿಗೆ ನಿಲ್ಲಿಸಬೇಕು. ಹಲ್ಲು ಕಚ್ಚುವಂತಾದರೆ ಜಾಸ್ತಿಯಾಯಿತು ಅಂತ ಅರ್ಥ. ನಿಮ್ಮ ಜಗಲಿಯಲ್ಲಿ ಜನ ಕಿರುಚಿದಷ್ಟೂ ನಿಮಗೆ ಹೆಮ್ಮೆ. ನಿಮ್ಮ ಮೈ ಮೇಲೆ ಆ ಹೆಮ್ಮೆ ತೋರಿಸಬೇಡಿ. ಕತ್ತಿನ ಮುಂದೆ, ಗಂಟಲ ಎರಡು ಪಕ್ಕ ನಾಡಿ ಹೊಡೆದುಕೊಳ್ಳುತ್ತಲ್ಲ, ಅಲ್ಲಿಗೆ ಕೈಯನ್ನೇ ತೆಗೆದುಕೊಂಡು ಹೋಗಬಾರದು.

ಊದಿದ ಹೆಬ್ಬೆರಳನ್ನು ಮಾತ್ರ ಒತ್ತಬೇಡಿ. ಊತ, ಕೆಂಪು, ಗಾಯ, ಜ್ವರ, ಮುರಿದ ಮೂಳೆ, ಉಬ್ಬಿದ ನರ, ಇವು ಇದ್ದಲ್ಲಿ ಬೆರಳಿಡಬಾರದು. ಈ ಮಾತು ನಿಮ್ಮ ಅಪ್ಪನ ಕಾಲದ್ದೇ. ಆ ಗೆಣ್ಣನ್ನು ಡಾಕ್ಟರಿಗೆ ತೋರಿಸಿ. ಇಷ್ಟು ವರ್ಷ ಅದೊಂದೇ ಬೆರಳಿನ ಮೇಲೆ ಊರಿನ ಭಾರವನ್ನೆಲ್ಲ ಹಾಕಿದ್ದೀರಿ, ಅದಕ್ಕೂ ಸಾಕಾಗಿದೆ. ಇನ್ನು ಕೈಗುಣ ಹೋಗುತ್ತೆ ಅನ್ನುವ ಭಯ. ಒತ್ತಿಕೊಂಡರೆ ನಿಜವಾಗಿ ಹೋಗುತ್ತದೋ ಇಲ್ಲವೋ ಅಂತ ಯಾರಿಗಾದರೂ ಗೊತ್ತಿದ್ದರೆ ಅದು ನನಗೇ.

ಓದುವವಳು ಇಲ್ಲಿ ಸ್ವಲ್ಪ ನೀರು ಕುಡಿಯಲಿ.

ಈಗ ಹಳೆಯದು. ಆಗಿದ್ದು ಆಗಿಹೋಯಿತು ಅಂತ ನೀವು ಬರೆಸಿದ್ದೀರಿ. ಏನು ಆಗಿದ್ದು ಅಂತ ಬರೆಸಿಲ್ಲ. ಭಾರತಮ್ಮನಿಗೆ ನೀವು ಹೇಳಿರುವ ಕಥೆ ಇಡೀ ಪೇಟೆಗೆ ಹೇಳಿದ ಕಥೆಯೇ ಇರಬೇಕು. ರಾಮಲಕ್ಷ್ಮಮ್ಮ ಕಾಲುನೋವು ತಡೆಯಲಾರದೆ ಕಟ್ಟಳೆ ಮುರಿದು ತನ್ನ ಕಾಲು ತಾನೇ ಒತ್ತಿಕೊಂಡಳು, ಕೈಗುಣವನ್ನೂ ಕಳೆದುಕೊಂಡಳು, ಹೊಟ್ಟೆಯಲ್ಲಿದ್ದದ್ದನ್ನೂ ಕಳೆದುಕೊಂಡಳು. ಆ ಕಥೆಯಲ್ಲಿ ಒಂದೇ ಒಂದು ತಪ್ಪಿದೆ. ಆ ಕಾಲು ಒತ್ತಿದ ಕೈ ನನ್ನದಲ್ಲ.

ನಿಮ್ಮ ಅಮ್ಮ ಹೊಲದ ಕಡೆ ಹೋಗಿದ್ದ ಮಧ್ಯಾಹ್ನ ಅದು. ರಾಗಿ ಬೀಸುವ ಕಲ್ಲಿನ ಮುಂದೆ ಕೂತು ಎದ್ದವಳಿಗೆ ಕಾಲು ಹಿಡಿದುಕೊಂಡಿತ್ತು. ನೀವು ಒಳಗೆ ಬಂದಿರಿ. ಯಾರೂ ಇಲ್ಲ ಅಂತ ನೋಡಿ ಬಾಗಿಲು ಮುಂದಕ್ಕೆ ಎಳೆದು, ನನ್ನ ಕಾಲನ್ನು ನಿಮ್ಮ ತೊಡೆ ಮೇಲೆ ಇಟ್ಟುಕೊಂಡಿರಿ. ನಾನು ಎಳೆದುಕೊಂಡೆ. ಗಂಡ ಹೆಂಡತಿಯ ಕಾಲು ಮುಟ್ಟುವುದುಂಟೇ? 'ಯಾರ್ ನೋಡ್ತಾರೆ ಸುಮ್ನಿರೇ' ಅಂದಿರಿ. ಮದುವೆಯಾಗಿ ಅಷ್ಟು ವರ್ಷದಲ್ಲಿ ನೀವು ನನ್ನ ಮೇಲೆ ಅಷ್ಟು ಅಕ್ಕರೆ ತೋರಿಸಿದ್ದು ಅದೊಂದೇ ಸಲ. ಅದನ್ನು ನಾನು ಇವತ್ತಿಗೂ ಇಲ್ಲ ಅನ್ನುವುದಿಲ್ಲ. ಅಷ್ಟು ಸಂತೋಷ ನನಗೆ ಆಮೇಲೆ ಆಗಿಲ್ಲ.

ಆಮೇಲೆ ನಿಮ್ಮ ಹೆಬ್ಬೆರಳು ಒಳಗಾಲಿನ ಮೇಲೆ, ಪಾದದ ಮೇಲಿನ ಹರಡಿನ ಗೆಣ್ಣಿನಿಂದ ನಾಲ್ಕು ಬೆರಳು ಮೇಲಕ್ಕೆ ಹೋಯಿತು. ಹೆಂಗಸರಿಗೆ ಅಲ್ಲಿ ಒತ್ತುವ ಮೊದಲು ಮುಟ್ಟು ನಿಂತಿದೆಯಾ ಅಂತ ಕೇಳಬೇಕು, ನಿಂತಿದ್ದರೆ ಅಲ್ಲಿ ಕೈ ಇಡಬಾರದು, ಕೈಯ ಹೆಬ್ಬೆರಳು ತೋರುಬೆರಳಿನ ಸಂದಿಯಲ್ಲೂ ಇಡಬಾರದು. ಇದು ನಿಮ್ಮ ಮನೆಯದೇ ಕಟ್ಟಳೆ. ಪರದೆಯ ಒಳಗೆ ಕೂತು ಬಂದ ಹೆಂಗಸರನ್ನೆಲ್ಲ ಹಾಗೆ ಕೇಳುತ್ತಿದ್ದವಳು ನಾನೇ. ನನ್ನನ್ನು ಮಾತ್ರ ನೀವು ಕೇಳಲಿಲ್ಲ. 'ಬೇಡ, ಅಲ್ಲಿ ಬೇಡ' ಅಂದೆ. ಮೂರು ತಿಂಗಳು ತುಂಬುವವರೆಗೆ ಬಾಯಿಬಿಟ್ಟು ಹೇಳಬಾರದು ಅಂತ ಇನ್ನೊಂದು ಕಟ್ಟಳೆ ಇತ್ತಲ್ಲ, ಅದಕ್ಕೇ ಬೇಡ ಅನ್ನುವುದನ್ನಷ್ಟೇ ಹೇಳಿದೆ. ಈ ಕೆಲಸ ಮಾಡುವವರಿಗೆ ಅಷ್ಟು ಸಾಲದೇ? ನೀವು ನಕ್ಕಿರಿ. 'ನನ್ ಕೈಗೇ ಹೇಳ್ಕೊಡ್ತೀಯೇನೇ?' ಅಂದಿರಿ. ಅಂದು, ಒತ್ತಿದಿರಿ.

ಮೂರನೇ ದಿನ ಹೊಟ್ಟೆನೋವು ಶುರುವಾಯಿತು. ಮುಂದಿನದು ನಿಮಗೆ ಗೊತ್ತು.

ಒಂದು ವಿಷಯ ನಿಮಗೆ ಗೊತ್ತಿಲ್ಲ. ಇಲ್ಲಿಗೆ ಬಂದ ಮೇಲೂ ರಕ್ತ ನಿಲ್ಲದೆ ನನ್ನ ತಮ್ಮ ಸೊಣ್ಣಪ್ಪ ನನ್ನನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿದ್ದ ದೊರೆಸಾನಿ ಡಾಕ್ಟರಿಗೆ ನಡೆದದ್ದನ್ನು ಹೇಳಿದೆ. ಆಕೆ ತನ್ನ ಹರಕು ಕನ್ನಡದಲ್ಲಿ, ಒತ್ತಿದ್ದಕ್ಕೇ ಹೋಯಿತು ಅಂತ ಹೇಳಲಾಗುವುದಿಲ್ಲ, ಯಾರೂ ಮುಟ್ಟದೆಯೂ ಆ ತಿಂಗಳಲ್ಲಿ ಎಷ್ಟೋ ಹೋಗುತ್ತವೆ, ಆದರೆ ಬಸುರಿಗೆ ಹಾಗೆ ಒತ್ತದಿರುವುದೇ ಮೇಲು ಅಂದಳು. ಆದ್ದರಿಂದ ನಿಮ್ಮ ಬೆರಳು ನನ್ನ ಮಗುವನ್ನು ತೆಗೆಯಿತು ಅಂತ ನಾನು ಎಲ್ಲೂ ಹೇಳಿಲ್ಲ. ಇಲ್ಲೂ ಬರೆಯುವುದಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕಲ್ಲ.

ನಿಮ್ಮ ಅಮ್ಮ ಬಂದು ಹಾಸಿಗೆ ನೋಡಿ, ಕಾಲಿನ ಮೇಲಿನ ನೀಲಿ ಗುರುತು ನೋಡಿ, 'ಯಾರು ಒತ್ತಿದ್ದು?' ಅಂತ ಕೇಳಿದರು. ನೀವು ಬಾಗಿಲಲ್ಲೇ ನಿಂತಿದ್ದಿರಿ. ನಾನು ನಿಮ್ಮ ಮುಖ ನೋಡಿದೆ. ನೀವು ಕಂಬ ನೋಡಿದಿರಿ. 'ಅವಳೇ ಒತ್ಕೊಂಡ್ಳಮ್ಮ' ಅಂದಿರಿ. ನಾನು ಇಲ್ಲ ಅಂದೆ, ಇವರೇ ಅಂದೆ. ಅಷ್ಟಕ್ಕೇ ನಿಮ್ಮ ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. ಗಂಡಸು ಹೆಂಡತಿಯ ಕಾಲು ಒತ್ತಿದ ಅಂತ ಹೇಳುವ ಬಾಯಿಗೆ ಹುಳ ಬೀಳುತ್ತೆ ಅಂದರು. ಆಗ ನನಗೆ ಅರ್ಥವಾಯಿತು. ಮಗುವಿನ ಭಯ ನಿಮಗಿರಲಿಲ್ಲ. ಕಟ್ಟಳೆ ಮುರಿದ ಭಯವೂ ಅಷ್ಟಾಗಿ ಇರಲಿಲ್ಲ. ಹೆಂಡತಿಯ ಕಾಲು ತೊಡೆ ಮೇಲೆ ಇಟ್ಟುಕೊಂಡವನು ಅಂತ ಪೇಟೆಯವರು ನಗುತ್ತಾರಲ್ಲ, ಆ ಒಂದು ನಗುವಿಗೆ ಹೆದರಿ ನನ್ನನ್ನು ಬಲಿ ಕೊಟ್ಟುಬಿಟ್ಟಿರಿ.

ಹರಿದ ಸೀರೆಯ ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ನಿಮ್ಮ ಅಮ್ಮ ನನ್ನ ಎರಡು ಹೆಬ್ಬೆರಳಿಗೂ ಕಟ್ಟಿದರು. ಕೈಗುಣ ಕಳೆದುಕೊಂಡ ಕೈಗೆ ಹಾಗೆ ಕಟ್ಟುವುದು ನಿಮ್ಮ ಮನೆಯ ಪದ್ಧತಿಯಂತೆ. ಕಟ್ಟಿದ್ದು ಒಳಗಲ್ಲ, ಜಗಲಿ ಮೇಲೆ, ಒತ್ತಿಸಿಕೊಳ್ಳಲು ಬಂದ ಹೆಂಗಸರ ಎದುರಿಗೆ. ಕನ್ನಡದ ಬೈಗುಳ ಸಾಲದಾದಾಗ ಅವರು ತೆಲುಗಿಗೆ ಇಳಿಯುತ್ತಿದ್ದರು. 'ಇಂಕ ಇದಿ ಮನ ಇಂಟಿ ಚೆಯ್ಯಿ ಕಾದು' ಅಂದರು, ಇನ್ನು ಇದು ನಮ್ಮ ಮನೆಯ ಕೈಯಲ್ಲ. ಆ ಬಟ್ಟೆ ಕಟ್ಟಿಕೊಂಡೇ ನಾನು ರಾಗಿ ಬೀಸಿದೆ, ಮುಸುರೆ ತಿಕ್ಕಿದೆ, ಬಾವಿಗೆ ಹೋದೆ. ಬಾವಿಯ ಹತ್ತಿರ ನನ್ನನ್ನು ಕಂಡರೆ ಹೆಂಗಸರು ಮಕ್ಕಳನ್ನು ಸೆರಗಿನೊಳಕ್ಕೆ ಎಳೆದುಕೊಳ್ಳುತ್ತಿದ್ದರು. ನಾನು ಕೈ ಹಿಡಿದು ನೋವು ಕಳೆದ ಹೆಂಗಸರೇ ಅವರು. ನೀವು ಜಗಲಿ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಿರಿ. ಒಂದು ಮಾತು ಸಾಕಾಗಿತ್ತು. ಆ ಮಾತು ನಿಮಗೆ ಬರಲೇ ಇಲ್ಲ.

ಸೊಣ್ಣಪ್ಪ ಬಂದು ನನ್ನ ಬೆರಳು ನೋಡಿ ಏನಕ್ಕಾ ಇದು ಅಂದ. ಹೊರಟೆ. ನೀವು ಕರೆಯಲು ಬರುತ್ತೀರಿ ಅಂತ ಶ್ರಾವಣದವರೆಗೆ ಬಾಗಿಲು ನೋಡಿದೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆದಾಯಿತು. ಆಮೇಲೆ ನಿಮ್ಮ ಎರಡನೇ ಮದುವೆಯ ಸುದ್ದಿ ಬಂತು, ನೋಡುವುದನ್ನು ಬಿಟ್ಟೆ.

ಆ ಬಟ್ಟೆಯನ್ನು ಇಲ್ಲಿ ಬಿಚ್ಚಿ ಒಲೆಗೆ ಹಾಕಿದೆ. ನನಗೂ ಆಗ ತಲೆನೋವು ಹಿಡಿದಿತ್ತು, ಅತ್ತು ಅತ್ತು. ಕಳೆದುಕೊಳ್ಳಲು ಇನ್ನೇನಿದೆ ಅಂತ ಮೊದಲನೇ ಸಲ ನನ್ನ ಕತ್ತನ್ನು ನಾನೇ ಒತ್ತಿಕೊಂಡೆ. ಮೊದಮೊದಲು ಸಿಟ್ಟಿನಲ್ಲಿ ಜೋರಾಗಿ ಒತ್ತಿ ಕತ್ತು ನೀಲಿಗಟ್ಟಿತು. ಆಮೇಲೆ ಹದ ತಿಳಿಯಿತು. ಒತ್ತುವವಳೂ ನಾನೇ, ನೋಯುವವಳೂ ನಾನೇ, ನಡುವೆ ಸುಳ್ಳು ಹೇಳುವವರು ಯಾರೂ ಇಲ್ಲ. ಕೈಗುಣ ಎಲ್ಲೂ ಹೋಗಲಿಲ್ಲ ಸ್ವಾಮಿ. ಈಗ ಆವನಿಯ ಕಡೆಯಿಂದಲೂ ಹೆಂಗಸರು ಬರುತ್ತಾರೆ. ನಾನು ಅವರನ್ನು ಮುಟ್ಟುವುದಕ್ಕಿಂತ ಅವರ ಕೈಯನ್ನು ಅವರ ನೋವಿನ ಮೇಲೆ ಇಡಿಸಿ ತೋರಿಸುವುದೇ ಹೆಚ್ಚು. ಇಲ್ಲಿ ಒತ್ತಿಕೊ, ಇಲ್ಲಿ ಬೇಡ, ಹೀಗಾದರೆ ನಿಲ್ಲಿಸು, ಹಾಗಾದರೆ ಡಾಕ್ಟರ ಹತ್ತಿರ ಹೋಗು ಅಂತ ಹೇಳಿ ಕಳಿಸುತ್ತೇನೆ. ಮತ್ತೆ ಬರುವ ಕೆಲಸವಿಲ್ಲ. ನಿಮ್ಮ ಜಗಲಿಯಷ್ಟು ಜನ ಸೇರುವುದಿಲ್ಲ, ನಿಜ.

ಇನ್ನು ಭಾರತಮ್ಮನ ಕಾಲು. ಏಳನೇ ತಿಂಗಳಲ್ಲಿ ಪಾದ ಸ್ವಲ್ಪ ಊದುವುದು ಎಲ್ಲರಿಗೂ ಉಂಟು, ಕಾಲು ಎತ್ತರಕ್ಕೆ ಇಟ್ಟು ಮಲಗಿದರೆ ಇಳಿಯುತ್ತೆ. ಅವಳದು ಇಳಿಯುತ್ತದೆಯೇ ಅಂತ ನೋಡಿದ್ದೀರಾ? ಮುಖ ಊದಿದೆಯೇ? ಬಳೆ ಬಿಗಿಯಾಗಿವೆಯೇ? ತಲೆನೋವು ಅಂತಾಳೆ ಅಂತ ಬರೆಸಿದ್ದೀರಿ, ಕಣ್ಣು ಮಂಜಾಗುತ್ತೆ ಅಂತ ಬರೆಸಿಲ್ಲ. ಆದರೆ ನಿಮ್ಮ ಕಾಗದದ ಸಾಲುಗಳು ಒಂದರ ಮೇಲೊಂದು ಹತ್ತಿರುವುದನ್ನು ನಾನು ನೋಡಿದ್ದೇನೆ. ಕೋಲಾರದ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಹೀಗೇ ಒಬ್ಬಳಿದ್ದಳು. ಊತ, ತಲೆನೋವು, ಕಣ್ಣು ಮಂಜು. ಮನೆಯಲ್ಲಿ ಕಾಲು ಒತ್ತಿ, ಬಿಸಿ ಎಣ್ಣೆ ತಿಕ್ಕಿ, ಕೊನೆಗೆ ಫಿಟ್ಸ್ ಬಂದ ಮೇಲೆ ತಂದು ಹಾಕಿದ್ದರು. ಡಾಕ್ಟರು ತಲೆ ಚಚ್ಚಿಕೊಂಡರು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಇದು ಬೆರಳಿನ ಕೆಲಸವಲ್ಲ. ನನ್ನ ಬೆರಳಿನದೂ ಅಲ್ಲ, ನಿಮ್ಮದೂ ಅಲ್ಲ.

ಅವಳನ್ನು ಆಸ್ಪತ್ರೆಗೆ ತೋರಿಸಿ. ನೀವು ತೋರಿಸುವುದಿಲ್ಲ ಅಂತಲೂ ನನಗೆ ಗೊತ್ತು. ಊರಿಗೆ ನೋವು ಕಳೆಯುವ ಮನೆಯವರೇ ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಜನ ಏನಂತಾರೆ ಅಂತ ನಿಮ್ಮ ಅಮ್ಮನನ್ನೇ ಜ್ವರದಲ್ಲಿ ಮನೆಯಲ್ಲಿಟ್ಟುಕೊಂಡವರು ನೀವು. ಆ ಸುದ್ದಿ ನನಗೆ ಬಂದಿದೆ. ಅವರು ನನಗೆ ಬಟ್ಟೆ ಕಟ್ಟಿದವರೇ ಆದರೂ ಆ ಸಾವು ಅವರಿಗೆ ಬರಬಾರದಿತ್ತು.

ನಾನು ಬಂದು ಒತ್ತಿ, ಆಮೇಲೆ ಅವಳಿಗೆ ಏನಾದರೂ ಆದರೆ ನೀವು ಜಗಲಿ ಮೇಲೆ ಏನು ಹೇಳುತ್ತೀರಿ ಅನ್ನುವುದನ್ನೂ ಯೋಚಿಸಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ.

ಆದ್ದರಿಂದ ನಾನು ಬರುವುದಿಲ್ಲ. ನೀವು ಒಂದು ಕೆಲಸ ಮಾಡಿದರೆ ಆಗ ಯೋಚಿಸುತ್ತೇನೆ. ಸಂತೆಯ ದಿನ ಜಗಲಿ ತುಂಬ ಜನ ಇರುವಾಗ ಎದ್ದು ನಿಂತು, ಅವತ್ತು ಅವಳ ಕಾಲು ಒತ್ತಿದವನು ನಾನು ಅಂತ ಹೇಳಿ. ಹೆಬ್ಬೆರಳು ಊದಿದ್ದರೂ ನಾಲಿಗೆ ಚೆನ್ನಾಗಿಯೇ ಇದೆಯಲ್ಲ. ಹೇಳುವುದಿಲ್ಲ ಅಂತಾದರೆ ನಿಮ್ಮ ಕತ್ತನ್ನು ನೀವೇ ಒತ್ತಿಕೊಂಡು ಇರಿ. ಉಗುರು ಕತ್ತರಿಸುವುದನ್ನು ಮರೆಯಬೇಡಿ.

ಈ ಕಾಗದವನ್ನು ಟಪಾಲಿಗೆ ಹಾಕಿಲ್ಲ. ಸೊಣ್ಣಪ್ಪನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಅವನಿಗೆ ನಿಮ್ಮನ್ನು ಕಂಡರೆ ಆಗದು. ಆದರೂ ಮಜ್ಜಿಗೆಯಾದರೂ ಕೊಡಿ.

ಒಂದು ಕಾಲದಲ್ಲಿ ನಿಮ್ಮ ಮನೆಯ ಕೈಯಾಗಿದ್ದ,
ರಾಮಲಕ್ಷ್ಮಮ್ಮ

ಮರೆತದ್ದು: ಭಾರತಮ್ಮಾ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಕಾಗದ ಮುಗಿಯಿತು, ಕೆಳಗೆ ಎಲ್ಲರ ಯೋಗಕ್ಷೇಮ ಕೇಳಿದ್ದಾರೆ ಅಂತ ಹೇಳಿಬಿಡು.

ನನ್ನ ತಂಗೀ, ಮೇಲೆ ಅವರ ಹೆಸರಿದ್ದರೂ ಇಷ್ಟನ್ನೂ ನಾನು ಬರೆದದ್ದು ನಿನಗೆ. ಆ ಮನೆಯಲ್ಲಿ ಓದಬಲ್ಲವಳು ನೀನೊಬ್ಬಳೇ. ಅವರು ನಿನಗೆ ಒತ್ತುತ್ತೇನೆ ಅಂತ ಬಂದರೆ ಬೇಡ ಅನ್ನು. ನಾನು ಅಂದ ಹಾಗೆ ಮೆತ್ತಗೆ ಅನ್ನಬೇಡ, ಪಕ್ಕದ ಮನೆಗೆ ಕೇಳುವ ಹಾಗೆ ಅನ್ನು. ವಾಕರಿಕೆ ಬಂದರೆ ಮಣಿಕಟ್ಟಿನ ಒಳಗಡೆ, ಗೆರೆಯಿಂದ ಮೂರು ಬೆರಳು ಮೇಲೆ ನಿನ್ನ ಕೈಯಿಂದಲೇ ಹಗುರಾಗಿ ಒತ್ತಿಕೋ, ಅದಕ್ಕೆ ಹೆದರಬೇಕಾಗಿಲ್ಲ. ಮಿಕ್ಕಿದ್ದಕ್ಕೆಲ್ಲ ಆಸ್ಪತ್ರೆಯೇ.

ಸೊಣ್ಣಪ್ಪ ಬರೀ ಕಾಗದ ತಂದಿಲ್ಲ. ಬೀದಿಯಲ್ಲಿ ಕಮಾನಿನ ಗಾಡಿ ನಿಂತಿದೆ, ಒಳಗೆ ಹುಲ್ಲು ಹಾಸಿ ಜಮಖಾನ ಹಾಕಿದ್ದೇನೆ. ಅವನ ಕೈಯಲ್ಲಿ ಮಡಿಲಕ್ಕಿ ಇದೆ, ಬಳೆ ಇದೆ, ಹಸಿರು ಸೀರೆ ಇದೆ. ನಿನಗೆ ತಾಯಿಯಿಲ್ಲ ಅಂತ ಕೇಳಿದ್ದೇನೆ. ಮೊದಲ ಬಾಣಂತನಕ್ಕೆ ನಮ್ಮ ಹುಡುಗಿಯನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ ಅಂತ ಅವನು ಜಗಲಿಯ ಮುಂದೆ, ಜನರ ಎದುರಿಗೆ ಗಟ್ಟಿಯಾಗಿ ಹೇಳುತ್ತಾನೆ. ಮಡಿಲಕ್ಕಿ ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ಪೇಟೆ ಆಡಿಕೊಳ್ಳುತ್ತೆ. ಪೇಟೆಯ ಮಾತಿಗೆ ಅವರು ಎಷ್ಟು ಹೆದರುತ್ತಾರೆ ಅಂತ ಈಗ ತಾನೇ ಓದಿದೆಯಲ್ಲ. ಕಳಿಸಿಕೊಡುತ್ತಾರೆ.

ಗಾಡಿ ಬೈರಕೂರಿಗೆ ಬರುವುದಿಲ್ಲ. ನೇರವಾಗಿ ಕೋಲಾರದ ಆಸ್ಪತ್ರೆಗೆ ಹೋಗುತ್ತೆ. ನೀನು ಇದನ್ನು ಓದುವಷ್ಟರಲ್ಲಿ ನಾನು ಬಸ್ಸು ಹತ್ತಿ ಅಲ್ಲಿಗೆ ತಲುಪಿ ಗೇಟಿನ ಹತ್ತಿರ ನಿಂತಿರುತ್ತೇನೆ. ನೀನು ನನ್ನನ್ನು ನೋಡಿಲ್ಲ, ನಾನು ನಿನ್ನನ್ನು ನೋಡಿಲ್ಲ. ಗಾಡಿ ಕಂಡರೆ ನಾನೇ ಬರುತ್ತೇನೆ. ಬಟ್ಟೆಬರೆ ಕಟ್ಟುತ್ತಾ ಹೊತ್ತು ಮಾಡಬೇಡ, ಉಟ್ಟಿರುವುದರಲ್ಲೇ ಹೊರಡು.

ಈ ಕಾಗದವನ್ನು ಬಚ್ಚಿಡಬೇಡ, ಹರಿಯಲೂ ಬೇಡ. ಅವರ ಕೈಗೇ ಕೊಟ್ಟು ಬಾ. ನೀನು ಹೋದ ಮೇಲೆ ಈ ಕೊನೆಯ ಹಾಳೆಯಲ್ಲಿ ಏನಿತ್ತು ಅಂತ ಅವರಿಗೆ ಅನುಮಾನ ಬಂದೇ ಬರುತ್ತೆ. ಆಗ ಪೇಟೆಯಲ್ಲಿ ಓದು ಬಂದ ಯಾರನ್ನಾದರೂ ಜಗಲಿಗೆ ಕರೆದು ಓದಿಸಿಕೊಳ್ಳಲಿ. ಓದುವವರು ಮೊದಲ ಹಾಳೆಯಿಂದಲೇ ಶುರು ಮಾಡುತ್ತಾರೆ.